ಯಾವ ಬೆಳೆಗೆ ಯಾವ ಜಾಳಿ?

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ. ಇವು ಬೆಳಗಾವಿ ಜಿಲ್ಲೆಯ ಐದು ತಾಲ್ಲೂಕುಗಳು. ಈ ಸೀಮೆಯಲ್ಲಿ ಕೃಷ್ಣಾ ನದಿ ಹರಿಯುತ್ತದೆ. ದೂಧಗಂಗಾ, ವೇದಗಂಗಾ ನದಿಗಳೂ ಹರಿಯುತ್ತವೆ. ಕಬ್ಬು ಇಲ್ಲಿಯ ದೊಡ್ಡ ಬೆಳೆ. ನಿಪ್ಪಾಣಿ ಕಡೆ ತಂಬಾಕು ಬೆಳೆಯುತ್ತಾರೆ. ಅಥಣಿ ಕಡೆ ದ್ರಾಕ್ಷಿ ಬೆಳೆಯುತ್ತಾರೆ.

ಕಬ್ಬಿನ ಹಣ ಬರಲು ವರ್ಷ ಕಾಯಬೇಕು. ಕಾಯಿಪಲ್ಲೆಯ ಹಣ ಸಂತೆ ಸಂತೆಗೆ ಬರುತ್ತದೆ. ಆ ಹಣದಿಂದ ಎಣ್ಣೆ, ಉಪ್ಪು, ಮಕ್ಕಳ ಪಾಟಿ ಪುಸ್ತಕ ಬರುತ್ತವೆ. ಅದಕ್ಕೇ ಹೆಣ್ಣುಮಕ್ಕಳು ಕಾಯಿಪಲ್ಲೆ ತೋಟವನ್ನು ಕಣ್ಣಿಟ್ಟು ಕಾಯುತ್ತಾರೆ.

ಕಾಯಿಪಲ್ಲೆಗೆ ಹಕ್ಕಿಯ ಕಾಟ ಇದೆ. ಹುಳದ ಕಾಟವೂ ಇದೆ. ಇದಕ್ಕೆ ಅಂಗಡಿಯಲ್ಲಿ ಬಲೆ ಸಿಗುತ್ತದೆ. ಬಲೆಗೆ ನಮ್ಮ ಕಡೆ ಜಾಳಿ ಅಂತಾರೆ. ಆದರೆ ಜಾಳಿ ಒಂದೇ ತರಹದ್ದಲ್ಲ. ತಿಳಿಯದೆ ಕೊಂಡರೆ ಹಣವೂ ಹೋಗುತ್ತದೆ, ಬೆಳೆಯೂ ಹೋಗುತ್ತದೆ. ದೊಡ್ಡಕ್ಕನಿಗೆ ಹಾಗೇ ಆಯಿತು. ಆಕೆಯ ಕತೆ ಓದಿರಿ.

ದೊಡ್ಡಕ್ಕನ ಸಸಿ

ನದಿ ದಂಡೆಯ ಒಂದು ಊರು. ಅಲ್ಲಿ ಒಬ್ಬ ಹೆಣ್ಣುಮಗಳು ಇದ್ದಾಳೆ. ಊರವರೆಲ್ಲ ಆಕೆಯನ್ನು ದೊಡ್ಡಕ್ಕ ಎನ್ನುತ್ತಾರೆ. ಆಕೆಗೆ ಹತ್ತು ಗುಂಟೆ ತೋಟ ಇದೆ. ಆಕೆ ಮಹಿಳಾ ಸಂಘದಿಂದ 6,000 ರೂಪಾಯಿ ಸಾಲ ತೆಗೆದಳು. ಟೊಮ್ಯಾಟೊ ಹಚ್ಚಬೇಕು ಎಂದು ಬೀಜ ತಂದಳು. ಸಸಿ ಮಡಿ ಮಾಡಿದಳು.

ಹಿಂದಿನ ವರ್ಷ ಟೊಮ್ಯಾಟೊ ಎಲೆ ಮುದುಡಿತ್ತು. "ಸಸಿ ಇದ್ದಾಗಲೇ ಜಾಳಿ ಹೊದಿಸು" ಎಂದು ಯಾರೋ ಹೇಳಿದ್ದರು. "50 ನಂಬರಿನ ಜಾಳಿ ಒಳ್ಳೇದು" ಎಂದೂ ಹೇಳಿದ್ದರು. ದೊಡ್ಡಕ್ಕ ಅಂಗಡಿಗೆ ಹೋದಳು. ಒಂದು ಹಸಿರು ಜಾಳಿಯ ಚೀಟಿಯ ಮೇಲೆ 50 ಎಂದು ಬರೆದಿತ್ತು. ಆಕೆ ಆಗ ತಾನೇ ಅಂಕಿ ಕಲಿತಿದ್ದಳು. ತಾನೇ ಓದಿದೆ ಎಂದು ಹಿಗ್ಗಿದಳು. ಅದನ್ನೇ ಕೊಂಡು ತಂದು ಮಡಿಗೆ ಹೊದಿಸಿದಳು.

ಸಸಿ ಬೆಳೆದವು. ಆದರೆ ತೆಳ್ಳಗೆ, ಉದ್ದಕ್ಕೆ ಬೆಳೆದವು. ಹೊಲಕ್ಕೆ ಹಚ್ಚಿದ ಮೇಲೆ ಎಲೆ ಮುದುಡಿದವು. ಗಿಡ ಗಿಡ್ಡವಾಗಿ ನಿಂತವು. ಹೂವು ಉದುರಿತು. ಕಾಯಿ ಹಿಡಿಯಲಿಲ್ಲ. ಎರಡು ಸಲ ಔಷಧಿ ಹೊಡೆದರೂ ಆಗಲಿಲ್ಲ. ದೊಡ್ಡಕ್ಕ ಬೇರೆಯವರ ಹೊಲದಲ್ಲಿ ಕೂಲಿ ಮಾಡಿ ಸಂಘದ ಸಾಲ ತೀರಿಸಿದಳು.

ಅದು ಯಾವ 50?

ರಾತ್ರಿ ಕಲಿಕಾ ಕೇಂದ್ರದಲ್ಲಿ ಎಲ್ಲರೂ ಸೇರಿದ್ದರು. ದೊಡ್ಡಕ್ಕ ಸುಮ್ಮನೆ ಕೂತಿದ್ದಳು.

"ಯಾಕ ದೊಡ್ಡಕ್ಕಾ, ಇವತ್ತು ಮಾತ ಇಲ್ಲ?" ಎಂದು ಬಾಯಾರು ಕೇಳಿದರು.

"ಏನ್ ಹೇಳಲ್ರಿ ಬಾಯಾರ. ಜಾಳಿ ಹಾಕಿದ್ರೂ ಟೊಮ್ಯಾಟೊ ಹ್ವಾತ್ರಿ. 50 ಅಂತ ನಾನ ಓದಿ ತಂದಿದ್ದೆ" ಎಂದಳು ದೊಡ್ಡಕ್ಕ.

"ಆ ಚೀಟಿ ಐತೇನು?"

"ಐತ್ರಿ. ಜಾಳಿ ಮಡಚಿ ಇಟ್ಟಲ್ಲೇ ಐತ್ರಿ."

ಮರುದಿನ ದೊಡ್ಡಕ್ಕ ಜಾಳಿಯನ್ನೂ ಚೀಟಿಯನ್ನೂ ತಂದಳು. ಬಾಯಾರು ಚೀಟಿಯನ್ನು ದೀಪದ ಹತ್ತಿರ ಹಿಡಿದರು.

"50 ಅಂತ ಸರಿಯಾಗೇ ಓದೀರಿ. ಆದ್ರ ಅದರ ಮುಂದ ಏನೈತಿ ನೋಡ್ರಿ."

50ರ ಮುಂದೆ ಒಂದು ಗುರುತು ಇತ್ತು. ಓರೆಯಾದ ಒಂದು ಗೆರೆ. ಅದರ ಆಚೆ ಈಚೆ ಎರಡು ಸೊನ್ನೆ. %.

"ಇದು ಶೇಕಡಾ ಗುರುತು. ನೂರಕ್ಕೆ ಐವತ್ತು ಅಂತ ಅರ್ಥ. ಈ ಜಾಳಿ ನೂರು ಪಾಲು ಬಿಸಿಲಿನ್ಯಾಗ ಐವತ್ತು ಪಾಲು ತಡೀತೈತಿ. ಇದು ನೆರಳಿನ ಜಾಳಿ. ಹುಳದ ಜಾಳಿ ಅಲ್ಲ."

"ಹಂಗಾರ ಅವರು ಹೇಳಿದ್ದ 50 ಯಾವುದ್ರಿ?"

"ಅದು 50 ಮೆಶ್. ಮೆಶ್ ಅಂದ್ರ ತೂತಿನ ಲೆಕ್ಕ. ಅಂಕಿ ಒಂದೇ, ಅರ್ಥ ಎರಡು."

ದೊಡ್ಡಕ್ಕ ನಿಟ್ಟುಸಿರು ಬಿಟ್ಟಳು. "ಒಂದ ಗುರುತು ಓದಲಿಲ್ಲ. ಒಂದ ವರ್ಷ ಕೂಲಿ ಮಾಡ್ದೆ" ಎಂದಳು.

ಮೆಶ್ ಎಂದರೇನು?

ನಮ್ಮ ಮನೆಯಲ್ಲಿ ಎರಡು ಸಾಣಿಗಿ ಇರುತ್ತವೆ. ಒಂದು ಕಾಳಿನ ಸಾಣಿಗಿ. ಅದರ ತೂತು ದೊಡ್ಡದು. ಇನ್ನೊಂದು ಹಿಟ್ಟಿನ ಸಾಣಿಗಿ. ಅದರ ತೂತು ಸಣ್ಣದು. ಕಾಳಿನ ಸಾಣಿಗಿಯಲ್ಲಿ ಹಿಟ್ಟು ಸೋಸಿದರೆ ತೌಡೂ ಕೆಳಗೆ ಬೀಳುತ್ತದೆ. ಜಾಳಿಯೂ ಸಾಣಿಗಿ ಇದ್ದಂತೆ.

ಒಂದು ಇಂಚು ಉದ್ದದಲ್ಲಿ 40 ತೂತು ಇದ್ದರೆ ಅದು 40 ಮೆಶ್ ಜಾಳಿ. 50 ತೂತು ಇದ್ದರೆ 50 ಮೆಶ್ ಜಾಳಿ. ಮೆಶ್ ಅಂಕಿ ಹೆಚ್ಚಾದಂತೆ ತೂತು ಸಣ್ಣದಾಗುತ್ತದೆ. ಇದನ್ನು ನೆನಪಿಡಿ.

ಮೂರು ಜಾಳಿ, ಮೂರು ಕೆಲಸ

1. ನೆರಳಿನ ಜಾಳಿ. ಇದು ಹೆಚ್ಚಾಗಿ ಹಸಿರು ಅಥವಾ ಕಪ್ಪು ಬಣ್ಣದ್ದು. ಇದರ ಮೇಲೆ 35%, 50%, 75% ಎಂದು ಬರೆದಿರುತ್ತದೆ. ಇದು ಬೇಸಿಗೆಯ ಬಿಸಿಲು ತಡೆಯುತ್ತದೆ. ಸಣ್ಣ ಹುಳ ಇದರಲ್ಲಿ ಸಲೀಸಾಗಿ ತೂರುತ್ತದೆ. ನೆರಳು ಹೆಚ್ಚಾದರೆ ಸಸಿ ತೆಳ್ಳಗೆ, ಉದ್ದಕ್ಕೆ ಬೆಳೆಯುತ್ತವೆ.

2. ಹಕ್ಕಿ ಜಾಳಿ. ಇದರ ತೂತು ದೊಡ್ಡದು. ತೂತಿನ ಅಳತೆಯನ್ನು ಮಿಲಿಮೀಟರಿನಲ್ಲಿ ಹೇಳುತ್ತಾರೆ. ಗುಬ್ಬಿಯಂಥ ಸಣ್ಣ ಹಕ್ಕಿ ತಡೆಯಲು 15ರಿಂದ 20 ಮಿಲಿಮೀಟರ್ ತೂತು ಬೇಕು. ಅಂದರೆ ನಿಮ್ಮ ಹೆಬ್ಬೆರಳು ತೂರುವಷ್ಟು. ಗಿಳಿ, ಕಾಗೆಗೆ 25ರಿಂದ 30 ಮಿಲಿಮೀಟರ್ ಇದ್ದರೂ ನಡೆಯುತ್ತದೆ.

3. ಹುಳದ ಜಾಳಿ. ಇದಕ್ಕೆ ಕೀಟ ಬಲೆ ಎಂದೂ ಹೇಳುತ್ತಾರೆ. ಇದು ಹೆಚ್ಚಾಗಿ ಬಿಳಿ ಬಣ್ಣದ್ದು. ಇದರ ಮೇಲೆ 40 ಮೆಶ್, 50 ಮೆಶ್ ಎಂದು ಬರೆದಿರುತ್ತದೆ. ತೂತು ಬಹಳ ಸಣ್ಣದು.

ಬಣ್ಣ ನೋಡಿ ಜಾಳಿ ಕೊಳ್ಳಬೇಡಿ. ಚೀಟಿ ಓದಿ ಕೊಳ್ಳಿರಿ.

ಮೊದಲು ವೈರಿ ಯಾರು ನೋಡಿ

ಟೊಮ್ಯಾಟೊ ಎಲೆ ಮುದುಡಲು ಒಂದು ನಂಜು ಕಾರಣ. ಆ ನಂಜನ್ನು ಬಿಳಿ ನೊಣ ತರುತ್ತದೆ. ಬಿಳಿ ನೊಣ ಸುಮಾರು ಒಂದು ಮಿಲಿಮೀಟರ್ ಉದ್ದ. ಮಕ್ಕಳ ಫೂಟಪಟ್ಟಿ ನೋಡಿರಿ. ಅದರಲ್ಲಿ ಎರಡು ಸಣ್ಣ ಗೆರೆಗಳ ನಡುವಿನ ಜಾಗ ಒಂದು ಮಿಲಿಮೀಟರ್. ಬಿಳಿ ನೊಣ ಅಷ್ಟೇ ದೊಡ್ಡದು. ಅದು ರೋಗದ ಗಿಡದ ರಸ ಹೀರುತ್ತದೆ. ಆಮೇಲೆ ಒಳ್ಳೆಯ ಗಿಡದ ರಸ ಹೀರುತ್ತದೆ. ಆಗ ನಂಜು ಒಳ್ಳೆಯ ಗಿಡಕ್ಕೆ ಹೋಗುತ್ತದೆ. ನಂಜು ಹತ್ತಿದ ಗಿಡವನ್ನು ವಾಸಿ ಮಾಡುವ ಔಷಧಿ ಇಲ್ಲ. ಅಂಥ ಗಿಡ ಕಿತ್ತು ಹುಗಿಯಬೇಕು.

ಸಸಿಗೆ ನಂಜು ಹತ್ತಿದರೆ ಹಾನಿ ಹೆಚ್ಚು. ಬೆಳೆದ ಗಿಡಕ್ಕೆ ಹತ್ತಿದರೆ ಹಾನಿ ಕಡಿಮೆ. ಕೂಸಿಗೆ ಜ್ವರ ಬಂದರೆ ಹೆಚ್ಚು ಭಯ, ಹಾಗೆ. ಆದ್ದರಿಂದ ಸಸಿ ಮಡಿಯಲ್ಲೇ ಕಾಯಬೇಕು.

ಯಾವ ವೈರಿಗೆ ಯಾವ ಜಾಳಿ ಎಂದು ಓದಿರಿ.

ಬಿಳಿ ನೊಣಕ್ಕೆ: 40 ಅಥವಾ 50 ಮೆಶ್ ಜಾಳಿ.

ಮೆಣಸಿನಕಾಯಿಯ ನುಸಿಗೆ: 50 ಮೆಶ್ ಜಾಳಿ. ನುಸಿ ಬಹಳ ಸಪೂರ. ಕೆಲವು ನುಸಿ ಇದರಲ್ಲೂ ತೂರುತ್ತವೆ. ಎಲೆಯ ಹಿಂಬದಿ ನೋಡುತ್ತಿರಬೇಕು.

ಬದನೆಕಾಯಿ, ಎಲೆಕೋಸಿಗೆ ಮೊಟ್ಟೆ ಇಡುವ ಪತಂಗಕ್ಕೆ: ತೂತು ಸ್ವಲ್ಪ ದೊಡ್ಡದಿರುವ 16 ಮೆಶ್ ಜಾಳಿ ಸಾಕು. ಪತಂಗ ಒಳಗೆ ಬರದಿದ್ದರೆ ಕಾಯಿ ಕೊರೆಯುವ ಹುಳ ಹುಟ್ಟುವುದಿಲ್ಲ. ತೈವಾನ್ ದೇಶದ ರೈತರು ಸೊಪ್ಪು ಬೆಳೆಯುವ ಮಡಿಗಳಿಗೆ ಇಂಥ ಜಾಳಿಯ ಮನೆಯನ್ನೇ ಕಟ್ಟುತ್ತಾರೆ.

ಹಕ್ಕಿಗೆ: ಮೇಲೆ ಹೇಳಿದ ಹಕ್ಕಿ ಜಾಳಿ.

ಮನೆಯ ಸೊಳ್ಳೆ ಪರದೆ ಹಾಕಿದರೆ ನಡೆಯುತ್ತದೆಯೇ? ಸೊಳ್ಳೆ ದೊಡ್ಡದು, ಬಿಳಿ ನೊಣ ಸಣ್ಣದು. ಸೊಳ್ಳೆ ಪರದೆಯ ತೂತಿನಲ್ಲಿ ಬಿಳಿ ನೊಣ ತೂರುತ್ತದೆ. ಹಳೆಯ ಸೀರೆ ಹೊಲದ ಬೇಲಿಗೆ ಆದೀತು, ಸಸಿ ಮಡಿಗೆ ಆಗದು. ಅದರಲ್ಲಿ ಬೆಳಕು, ಗಾಳಿ ಸರಿಯಾಗಿ ಆಡುವುದಿಲ್ಲ.

ಅಂಗಡಿಯಲ್ಲಿ ಹೀಗೆ ಅಳೆಯಿರಿ

ಒಂದು ಇಂಚಿನಲ್ಲಿ 40 ತೂತು ಎಣಿಸುವುದು ಕಷ್ಟ. ಕಣ್ಣು ದಣಿಯುತ್ತದೆ. ಫೂಟಪಟ್ಟಿಯ ಇನ್ನೊಂದು ಅಂಚಿನಲ್ಲಿ ಸೆಂಟಿಮೀಟರ್ ಗುರುತು ಇರುತ್ತದೆ. ಒಂದು ಸೆಂಟಿಮೀಟರ್ ಜಾಗದಲ್ಲಿ ತೂತು ಎಣಿಸಿರಿ. ಸೂಜಿಯ ತುದಿಯಿಂದ ಒಂದೊಂದೇ ಎಣಿಸಿರಿ.

ಸುಮಾರು 16 ತೂತು ಇದ್ದರೆ ಅದು 40 ಮೆಶ್.
ಸುಮಾರು 20 ತೂತು ಇದ್ದರೆ ಅದು 50 ಮೆಶ್.
5-6 ತೂತು ಇದ್ದರೆ ಅದು ಬಿಳಿ ನೊಣ ತಡೆಯುವ ಜಾಳಿ ಅಲ್ಲ.

ಅಡ್ಡವೂ ಎಣಿಸಿರಿ, ಉದ್ದವೂ ಎಣಿಸಿರಿ. ಕೆಲವು ಜಾಳಿಗಳಲ್ಲಿ ಎರಡೂ ಕಡೆ ಒಂದೇ ಲೆಕ್ಕ ಇರುವುದಿಲ್ಲ. ಜಾಳಿ ಎಳೆದು ನೋಡಿರಿ. ದಾರ ಸರಿದು ತೂತು ದೊಡ್ಡದಾದರೆ ಆ ಜಾಳಿ ಬೇಡ. ಯು.ವಿ. ಎಂದು ಬರೆದಿದೆಯೋ ನೋಡಿರಿ. ಅದು ಬಿಸಿಲಿಗೆ ಬೇಗ ಹರಿಯದ ಜಾಳಿ ಎಂಬ ಗುರುತು. ರಸೀದಿ ತಪ್ಪದೆ ತೆಗೆದುಕೊಳ್ಳಿರಿ. ರಸೀದಿಯಲ್ಲಿ ಮೆಶ್ ಅಂಕಿ ಬರೆಸಿರಿ.

ಎಷ್ಟು ಜಾಳಿ ಬೇಕು?

ಹತ್ತು ಗುಂಟೆ ಟೊಮ್ಯಾಟೊಗೆ ಸುಮಾರು 1,800 ಸಸಿ ಬೇಕು. ಅದಕ್ಕೆ ಎರಡು ಮಡಿ ಸಾಕು. ಒಂದೊಂದು ಮಡಿ 3 ಅಡಿ ಅಗಲ, 10 ಅಡಿ ಉದ್ದ ಇರಲಿ.

ಬಿದಿರಿನ ಸೀಳು 6 ಅಡಿ ಉದ್ದ ಕತ್ತರಿಸಿರಿ. ಮಡಿಯ ಮೇಲೆ ಕಮಾನಿನಂತೆ ಬಗ್ಗಿಸಿ ಎರಡೂ ತುದಿ ಮಣ್ಣಿಗೆ ಊರಿರಿ. ಎರಡೂವರೆ ಅಡಿಗೆ ಒಂದು ಕಮಾನು. ಒಂದು ಮಡಿಗೆ 5 ಕಮಾನು ಬೇಕು.

ಕಮಾನಿನ ಮೇಲೆ ಜಾಳಿ ಬರಬೇಕು. ಅಂಚು ಮಣ್ಣಿನಲ್ಲಿ ಹುಗಿಯಲೂ ಜಾಳಿ ಉಳಿಯಬೇಕು. ಆದ್ದರಿಂದ ಒಂದು ಮಡಿಗೆ 7 ಅಡಿ ಅಗಲ, 15 ಅಡಿ ಉದ್ದದ ಜಾಳಿ ಬೇಕು.

7 × 15 = 105 ಚದರ ಅಡಿ.
ಎರಡು ಮಡಿಗೆ 105 + 105 = 210 ಚದರ ಅಡಿ.

ಲೆಕ್ಕ ಕಲಿಯಲು ಒಂದು ಚದರ ಅಡಿಗೆ 4 ರೂಪಾಯಿ ಎಂದು ಹಿಡಿಯೋಣ.
210 × 4 = 840 ರೂಪಾಯಿ.

ಪೂರಾ ಹತ್ತು ಗುಂಟೆಗೆ ಹೊದಿಸಿದರೆ ಎಷ್ಟು? ಒಂದು ಗುಂಟೆ ಎಂದರೆ 1,089 ಚದರ ಅಡಿ. ಹತ್ತು ಗುಂಟೆ ಎಂದರೆ 10,890 ಚದರ ಅಡಿ. ಅದೇ ದರಕ್ಕೆ 43,560 ರೂಪಾಯಿ. ಅದರ ಮೇಲೆ ಕಂಬ, ತಂತಿ, ಕೂಲಿ ಬೇರೆ.

ಸಣ್ಣ ತೋಟದವರು ಪೂರಾ ಹೊಲಕ್ಕೆ ಜಾಳಿ ಹಾಕಲು ಸಾಲ ಮಾಡಬೇಡಿ. ಮೊದಲು ಸಸಿ ಮಡಿಗೆ ಹಾಕಿರಿ. ಖರ್ಚು ಕಡಿಮೆ, ಗುಣ ಹೆಚ್ಚು.

ಹೊದಿಸುವ ಕ್ರಮ

ಮಡಿಯಲ್ಲಿ ಕಳೆ ಇರಬಾರದು. ಕಳೆಯಲ್ಲಿ ಹುಳ ಅಡಗಿರುತ್ತವೆ. ಬೀಜ ಹಾಕಿದ ದಿನವೇ ಜಾಳಿ ಹೊದಿಸಿರಿ. ಸುತ್ತಲೂ ಅಂಚನ್ನು ಮಣ್ಣಿನಲ್ಲಿ ಹುಗಿಯಿರಿ. ನೀರನ್ನು ಜಾಳಿಯ ಮೇಲಿಂದಲೇ ಹಾಕಿರಿ. ಬೆಳಿಗ್ಗೆ ಹಾಕಿರಿ. ಜಾಳಿಯೊಳಗೆ ಗಾಳಿ ಕಡಿಮೆ, ಸೆಖೆ ಹೆಚ್ಚು. ನೀರು ಹೆಚ್ಚಾದರೆ ಸಸಿಯ ಬುಡ ಕೊಳೆಯುತ್ತದೆ. ಕಳೆ ತೆಗೆಯಲು ಜಾಳಿ ಎತ್ತಿದರೆ ಕೆಲಸ ಮುಗಿದ ಕೂಡಲೇ ಮುಚ್ಚಿರಿ. ತೂತು ಬಿದ್ದರೆ ಅಂದೇ ಹೊಲಿಯಿರಿ.

ಸಸಿ ಹಚ್ಚಲು 25ರಿಂದ 30 ದಿನ ಬೇಕು. ಕೊನೆಯ ನಾಲ್ಕು ದಿನ ನೀರು ಕಡಿಮೆ ಮಾಡಿರಿ. ಸಸಿ ಗಟ್ಟಿಯಾಗುತ್ತವೆ. ಜಾಳಿ ಮಾತ್ರ ತೆಗೆಯಬೇಡಿ. ಸಸಿ ಕಿತ್ತ ಮೇಲೆ ಜಾಳಿ ತೊಳೆದು, ನೆರಳಿನಲ್ಲಿ ಒಣಗಿಸಿ, ಇಲಿ ಮುಟ್ಟದ ಕಡೆ ಇಡಿರಿ. ಮುಂದಿನ ಬೆಳೆಗೂ ಬರುತ್ತದೆ.

ಹೊಲಕ್ಕೆ ಹಚ್ಚಿದ ಮೇಲೂ ಬಿಳಿ ನೊಣ ಬರುತ್ತದೆ. ಹೊಲದ ಸುತ್ತ ಎರಡು ಮೂರು ಸಾಲು ಗೋವಿನಜೋಳ ಮೊದಲೇ ಬಿತ್ತಿರಿ. ಅದು ಬೇಲಿಯಂತೆ ತಡೆಯುತ್ತದೆ. ರೋಗ ತಡೆಯುವ ತಳಿ ಹಾಕಿರಿ. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಅರ್ಕಾ ರಕ್ಷಕ್ ಎಂಬ ಟೊಮ್ಯಾಟೊ ತಳಿ ಕೊಟ್ಟಿದ್ದಾರೆ. ಅದು ಎಲೆ ಮುದುಡುವ ರೋಗವನ್ನು ತಡೆಯುತ್ತದೆ.

ಸಣ್ಣಕ್ಕನ ಸವತಿಕಾಯಿ

ಕೇಂದ್ರದಲ್ಲಿ ಸಣ್ಣಕ್ಕನೂ ಇದ್ದಳು. ಆಕೆ ಎದ್ದು ಕೇಳಿದಳು.

"ಬಾಯಾರ, ನಾನು ಸವತಿ ಬಳ್ಳಿಗೆ ಬಿಳಿ ಜಾಳಿನ ಹಾಕಿದ್ದೆರಿ. ಒಂದ ಹುಳ ಬರಲಿಲ್ಲ. ಹೂವು ತುಂಬಿ ಬಂದ್ವು. ಆದ್ರ ಕಾಯಿ ಹಿಡೀಲಿಲ್ಲ. ಯಾಕ್ರಿ?"

"ಹೂವು ಬಿಟ್ಟ ಮ್ಯಾಲೂ ಜಾಳಿ ಮುಚ್ಚೇ ಇತ್ತೇನು?"

"ಇತ್ರಿ. ಹುಳ ಬರತಾವಂತ ತೆಗೀಲಿಲ್ರಿ."

"ವೈರಿ ಬರಲಿಲ್ಲ. ಅದರ ಸಂಗಾಟ ಬೀಗರೂ ಬರಲಿಲ್ಲ" ಎಂದು ಬಾಯಾರು ನಕ್ಕರು.

ಆ ಬೀಗರು ಜೇನುನೊಣ. ಸವತಿ ಬಳ್ಳಿಯಲ್ಲಿ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ. ಹೆಣ್ಣು ಹೂವಿನ ಹಿಂದೆ ಸಣ್ಣ ಕಾಯಿ ಇರುತ್ತದೆ. ಗಂಡು ಹೂವಿನ ಹಿಂದೆ ಇರುವುದಿಲ್ಲ. ಜೇನುನೊಣ ಗಂಡು ಹೂವಿನ ಪರಾಗವನ್ನು ಹೆಣ್ಣು ಹೂವಿಗೆ ಒಯ್ಯುತ್ತದೆ. ಆಗಲೇ ಕಾಯಿ ಹಿಡಿಯುತ್ತದೆ. ಜಾಳಿ ಮುಚ್ಚಿದರೆ ಜೇನು ಬರುವುದಿಲ್ಲ. ಹಾಗಲ, ಕುಂಬಳಕ್ಕೂ ಇದೇ ಮಾತು. ಇಂಥ ಬಳ್ಳಿಗಳಿಗೆ ಎಳೆಯದಿದ್ದಾಗ ಮಾತ್ರ ಜಾಳಿ ಇರಲಿ. ಹೂವು ಬಿಟ್ಟ ಕೂಡಲೇ ತೆಗೆಯಿರಿ. ಕಾಯಿ ಹಿಡಿದ ಮೇಲೆ ಹಣ್ಣಿನ ನೊಣದ ಕಾಟ ಇದ್ದರೆ ಎಳೆ ಕಾಯಿಗೆ ಕಾಗದದ ಚೀಲ ಕಟ್ಟಬಹುದು.

ಟೊಮ್ಯಾಟೊ, ಬದನೆ, ಮೆಣಸಿನ ಹೂವು ಹಾಗಲ್ಲ. ಒಂದೇ ಹೂವಿನಲ್ಲಿ ಗಂಡೂ ಹೆಣ್ಣೂ ಇರುತ್ತವೆ. ಗಾಳಿಗೆ ಅಲುಗಿದರೂ ಕಾಯಿ ಹಿಡಿಯುತ್ತವೆ.

ಹಕ್ಕಿಯೂ ಬದುಕಲಿ

ನಮ್ಮ ಹಿರಿಯರು ಜೋಳದ ಹೊಲದಲ್ಲಿ ಅಟ್ಟ ಕಟ್ಟುತ್ತಿದ್ದರು. ಕವಣಿ ಬೀಸುತ್ತಿದ್ದರು. ಡಬ್ಬಿ ಬಾರಿಸುತ್ತಿದ್ದರು. ಹಕ್ಕಿ ಹಾರಿಹೋಗುತ್ತಿತ್ತು, ಸಾಯುತ್ತಿರಲಿಲ್ಲ. ಜಾಳಿಯೂ ಹಾಗೇ ಇರಬೇಕು. ತಡೆಯಬೇಕು, ಕೊಲ್ಲಬಾರದು. ಹಕ್ಕಿ ಹುಳವನ್ನೂ ತಿನ್ನುತ್ತದೆ. ಅದು ನಮಗೆ ಉಪಕಾರ.

ಕಣ್ಣಿಗೆ ಕಾಣದಷ್ಟು ಸಪೂರ ದಾರದ ಜಾಳಿ ಕೊಳ್ಳಬೇಡಿ. ಅದರಲ್ಲಿ ಹಕ್ಕಿಯ ಕಾಲು, ರೆಕ್ಕೆ ಸಿಕ್ಕುತ್ತವೆ. ಜಾಳಿಯನ್ನು ಕಂಬಕ್ಕೆ ಬಿಗಿಯಾಗಿ ಕಟ್ಟಿರಿ. ಸಡಿಲಾಗಿ ನೆಲಕ್ಕೆ ಬಿದ್ದರೆ ಹಾವು ಸಿಕ್ಕಿಬೀಳುತ್ತದೆ. ಕೆರೆ ಹಾವು ಇಲಿ ತಿನ್ನುತ್ತದೆ. ಅದೂ ರೈತನ ಗೆಳೆಯ. ದಿನಾ ಬೆಳಿಗ್ಗೆ ಜಾಳಿ ನೋಡಿರಿ. ಹಕ್ಕಿ ಸಿಕ್ಕಿದ್ದರೆ ದಾರ ಕತ್ತರಿಸಿ ಬಿಡಿರಿ. ಹಾವು ಸಿಕ್ಕಿದ್ದರೆ ಕೈ ಹಾಕಬೇಡಿ. ಅರಣ್ಯ ಇಲಾಖೆಯವರಿಗೆ ತಿಳಿಸಿರಿ.

ನವಿಲು ನಮ್ಮ ರಾಷ್ಟ್ರಪಕ್ಷಿ. ನವಿಲು, ಗಿಳಿಗಳನ್ನು ಹಿಡಿಯುವುದು, ಕೊಲ್ಲುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ.

ದೊಡ್ಡಕ್ಕ ಮತ್ತೆ ಅಂಗಡಿಗೆ

ಮುಂದಿನ ಹಂಗಾಮು ಬಂತು. ದೊಡ್ಡಕ್ಕ ಮತ್ತೆ ಅಂಗಡಿಗೆ ಹೋದಳು. ಕೈಯಲ್ಲಿ ಮೊಮ್ಮಗನ ಫೂಟಪಟ್ಟಿ ಇತ್ತು. ಸೆರಗಿನಲ್ಲಿ ಒಂದು ಸೂಜಿ ಇತ್ತು.

"ಅಣ್ಣಾರ, 40 ಮೆಶ್ ಹುಳದ ಜಾಳಿ ತೋರಸ್ರಿ."

ಅಂಗಡಿಯವರು ಒಂದು ಸುರುಳಿ ತಂದರು. "ಇದ ನೋಡ್ರಿ ಅಕ್ಕಾರ. ಎಲ್ಲಾರೂ ಇದನ್ನ ಒಯ್ತಾರ."

"ಎಲ್ಲಾರೂ ಒಯ್ಲಿರಿ. ನಾನು ಎಣಿಸಿ ಒಯ್ತೀನಿ."

ದೊಡ್ಡಕ್ಕ ಜಾಳಿಯ ಮೇಲೆ ಫೂಟಪಟ್ಟಿ ಇಟ್ಟಳು. ಸೂಜಿ ಹಿಡಿದು ಎಣಿಸಿದಳು. ಒಂದು ಸೆಂಟಿಮೀಟರಿನಲ್ಲಿ ಹದಿನಾರು ತೂತು. ಅಡ್ಡವೂ ಹದಿನಾರು. ಚೀಟಿ ಓದಿದಳು. 40 ಮೆಶ್. ಯು.ವಿ. ಎಂದೂ ಇತ್ತು. 210 ಚದರ ಅಡಿ ಅಳೆಸಿದಳು. ರಸೀದಿ ಬರೆಸಿದಳು. ಸಹಿ ಮಾಡುವ ಕಡೆ ತನ್ನ ಹೆಸರು ಬರೆದಳು.

ಈ ಸಲವೂ ಎಲ್ಲ ಗಿಡ ಉಳಿಯಲಿಲ್ಲ. ಕೆಲವು ಗಿಡ ಹೊಲದಲ್ಲಿ ಮುದುಡಿದವು. ಅವನ್ನು ಕಿತ್ತು ಹುಗಿದಳು. ಉಳಿದ ಗಿಡ ಕಾಯಿ ಕೊಟ್ಟವು. ಸಂತೆಯ ಹಣದಿಂದ ಸಂಘದ ಕಂತು ತುಂಬಿದಳು. ಕೂಲಿಗೆ ಹೋಗಲಿಲ್ಲ.

ಈಗ ಜಾಳಿ ಕೊಳ್ಳಲು ಹೊರಟವರು ಮೊದಲು ದೊಡ್ಡಕ್ಕನ ಮನೆಗೆ ಬರುತ್ತಾರೆ. ಆಕೆ ಒಂದೇ ಮಾತು ಕೇಳುತ್ತಾಳೆ.

"ನಿನ್ನ ಬೆಳಿಗಿ ವೈರಿ ಯಾರವ್ವಾ? ಅದನ್ನ ಮೊದಲ ಹೇಳು. ಜಾಳಿ ಆಮ್ಯಾಲ ನೋಡೂಣು."

ನೆನಪಿಡಿ

% ಎಂದರೆ ನೆರಳಿನ ಲೆಕ್ಕ. ಮೆಶ್ ಎಂದರೆ ತೂತಿನ ಲೆಕ್ಕ.
ಮೆಶ್ ಅಂಕಿ ಹೆಚ್ಚಾದರೆ ತೂತು ಸಣ್ಣದು.
ಮೊದಲು ಸಸಿ ಮಡಿಗೆ ಜಾಳಿ ಹಾಕಿರಿ.
ಸವತಿ, ಹಾಗಲ, ಕುಂಬಳ ಹೂವು ಬಿಟ್ಟಾಗ ಜಾಳಿ ತೆಗೆಯಿರಿ.
ಹಕ್ಕಿ ಜಾಳಿ ಬಿಗಿಯಾಗಿರಲಿ. ದಿನಾ ನೋಡಿರಿ.

ಜಾಳಿಗೆ ಸರಕಾರದ ಸಹಾಯಧನ ಇದೆಯೇ ಎಂದು ತಾಲ್ಲೂಕಿನ ತೋಟಗಾರಿಕೆ ಇಲಾಖೆಯಲ್ಲಿ ಕೇಳಿರಿ. ಕೊಳ್ಳುವ ಮೊದಲೇ ಕೇಳಿರಿ. ಕಿಸಾನ್ ಕಾಲ್ ಸೆಂಟರಿಗೂ ಫೋನ್ ಮಾಡಬಹುದು. ನಂಬರ್ 1800-180-1551. ಇದಕ್ಕೆ ಹಣ ಬೀಳುವುದಿಲ್ಲ. ಕನ್ನಡದಲ್ಲೇ ಮಾತಾಡಬಹುದು.

ಉತ್ತರ ಹೇಳಿರಿ

1. ದೊಡ್ಡಕ್ಕ ಮೊದಲು ತಂದದ್ದು ಯಾವ ಜಾಳಿ? ಅದರ ಚೀಟಿಯಲ್ಲಿ ಆಕೆ ಓದದೆ ಬಿಟ್ಟದ್ದು ಏನು?
2. ಟೊಮ್ಯಾಟೊ ಎಲೆ ಮುದುಡುವ ನಂಜನ್ನು ತರುವ ಹುಳ ಯಾವುದು?
3. ಸಣ್ಣಕ್ಕನ ಸವತಿ ಬಳ್ಳಿಯಲ್ಲಿ ಕಾಯಿ ಯಾಕೆ ಹಿಡಿಯಲಿಲ್ಲ?
4. ನಿಮ್ಮ ತೋಟದಲ್ಲಿ ಯಾವ ವೈರಿಯ ಕಾಟ ಹೆಚ್ಚು? ಅದಕ್ಕೆ ಯಾವ ಜಾಳಿ ಬೇಕು?

ಲೆಕ್ಕ ಮಾಡಿರಿ

ಒಂದು ಮಡಿಗೆ 105 ಚದರ ಅಡಿ ಜಾಳಿ ಬೇಕು. ನಿಮ್ಮ ಸಂಘದ ಮೂವರು ಸೇರಿ 4 ಮಡಿ ಮಾಡುತ್ತೀರಿ. ಒಟ್ಟು ಎಷ್ಟು ಜಾಳಿ ಬೇಕು? ಮೂರು ಅಂಗಡಿಗಳಲ್ಲಿ ದರ ಕೇಳಿ ಬರೆದುಕೊಳ್ಳಿರಿ. ಯಾವ ಅಂಗಡಿಯಲ್ಲಿ ಎಷ್ಟು ಹಣ ಆಗುತ್ತದೆ? ಹಣವನ್ನು ಮೂವರಿಗೂ ಸಮನಾಗಿ ಹಂಚಿ ನೋಡಿರಿ.

ಮಾಡಿ ನೋಡಿರಿ

ಮನೆಯ ಸಾಣಿಗಿ, ಸೊಳ್ಳೆ ಪರದೆ, ಹಳೆಯ ಜಾಳಿ ತಂದು ಕೇಂದ್ರದಲ್ಲಿ ಇಡಿರಿ. ಫೂಟಪಟ್ಟಿ ಇಟ್ಟು ಒಂದು ಸೆಂಟಿಮೀಟರಿನಲ್ಲಿ ಎಷ್ಟು ತೂತು ಇವೆ ಎಂದು ಎಣಿಸಿರಿ. ಲೆಕ್ಕವನ್ನು ನಿಮ್ಮ ಪುಸ್ತಕದಲ್ಲಿ ಬರೆಯಿರಿ.